ತಲೆಯ ಮೇಲಣ ಕಣ್ಣು
(ಚೆನ್ನೈ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಡ್ರೋನಿನಂಥ ವಸ್ತುವಿನ ಬಗ್ಗೆ ಕನ್ನಡ ಸಂಘದ ವೇದಿಕೆಯಲ್ಲಿ ಉಪನ್ಯಾಸವೇ ಎಂದು ಆಹ್ವಾನ ಪತ್ರಿಕೆ ನೋಡಿದ ಇಬ್ಬರು ಮೂವರು ನನ್ನನ್ನು ಕೇಳಿದರು. ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಕೇಳಲು ಬಂದವರಿಗೆ ನಿರಾಸೆಯಾದೀತು ಎಂಬ ಅಳುಕು ನನಗೂ ಇದೆ. ಆದರೆ ಈ ವಿಷಯ ನಾನು ಹುಡುಕಿಕೊಂಡು ಹೋದದ್ದಲ್ಲ. ನಮ್ಮ ಸಂಘದೊಳಗೇ ಹುಟ್ಟಿದ್ದು. ಈ ಸಲದ ರಾಜ್ಯೋತ್ಸವದ ಮೆರವಣಿಗೆಯನ್ನು ಮೇಲಿನಿಂದ ಚಿತ್ರೀಕರಿಸಬೇಕೆಂದು ನಮ್ಮ ತರುಣ ಸದಸ್ಯರೂ, ಕೂಡದೆಂದು ಹಿರಿಯ ಸದಸ್ಯರೂ ಕಾರ್ಯಕಾರಿ ಸಮಿತಿಯಲ್ಲಿ ಎರಡು ಗಂಟೆ ವಾದಿಸಿದರು. ಲೆಕ್ಕಪತ್ರದ ಮಂಡನೆಗೂ ಅಷ್ಟು ಹೊತ್ತು ಕೂರದ ಸಮಿತಿ ಇದಕ್ಕೆ ಕೂತಿತೆಂದರೆ ಇದರಲ್ಲಿ ಏನೋ ಇದೆ ಎಂದೇ ಅರ್ಥ. ಹವ್ಯಾಸಕ್ಕಾಗಿ ಕ್ಯಾಮೆರಾ ಹಾರಿಸುವವನನ್ನು ಕಂಡಾಗ ನಮ್ಮ ಜನ ಯಾಕೆ ಒಮ್ಮೆ ಹಿಗ್ಗುತ್ತಾರೆ, ಇನ್ನೊಮ್ಮೆ ಸಿಡುಕುತ್ತಾರೆ, ಮತ್ತೊಮ್ಮೆ ಬೆದರುತ್ತಾರೆ ಎಂಬುದನ್ನು ಈ ಊರಿನ ಅನುಭವದಿಂದಲೇ ಬಿಡಿಸಿ ನೋಡಬೇಕೆಂಬುದು ನನ್ನ ಉದ್ದೇಶ.

ಮೊದಲು ಹೆಸರಿನ ವಿಚಾರ. ಹತ್ತು ಹನ್ನೆರಡು ವರ್ಷಗಳ ಹಿಂದೆ ಇಲ್ಲಿನ ಕಲ್ಯಾಣ ಮಂಟಪಗಳಲ್ಲಿ ಇದನ್ನು ಡ್ರೋನ್ ಎಂದು ಯಾರೂ ಕರೆಯುತ್ತಿರಲಿಲ್ಲ. ಅದು 'ಹೆಲಿಕ್ಯಾಮ್'. ಫೋಟೊ ಸ್ಟುಡಿಯೋದವರ ದರಪಟ್ಟಿಯಲ್ಲಿ ಆಲ್ಬಮಿನ ಕೆಳಗೆ ಅದಕ್ಕೂ ಒಂದು ಸಾಲು ಇರುತ್ತಿತ್ತು. ವಧೂವರರ ತಲೆಯ ಮೇಲೆ ಗುಂಯ್ಗುಡುತ್ತ ಅದು ಬಂದಾಗ ಅಜ್ಜಿಯಂದಿರು ಸೆರಗು ಸರಿಪಡಿಸಿಕೊಂಡು ಮೇಲೆ ನೋಡಿ ನಗುತ್ತಿದ್ದರು. ಅದೇ ಯಂತ್ರಕ್ಕೆ ಡ್ರೋನ್ ಎಂಬ ಹೆಸರು ನಿಂತ ಮೇಲೆ ಆ ನಗೆ ಕಡಿಮೆಯಾಯಿತು. ಡ್ರೋನ್ ಎಂದರೆ ಇಂಗ್ಲಿಷಿನಲ್ಲಿ ಗಂಡುಜೇನು. 1930ರ ದಶಕದಲ್ಲಿ ಬ್ರಿಟಿಷರು ಫಿರಂಗಿ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ ಚಾಲಕರಹಿತ ವಿಮಾನಕ್ಕೆ 'ಕ್ವೀನ್ ಬೀ' ಎಂದು ಹೆಸರಿಟ್ಟರು. ಆ ರಾಣಿಜೇನಿನ ಬಳಗದಿಂದಲೇ ಈ ಶಬ್ದ ಬಂದಿತೆನ್ನುತ್ತಾರೆ. ಅಂದರೆ ಅದು ಹುಟ್ಟಿನಿಂದಲೇ ಯುದ್ಧದ ಶಬ್ದ. ಅದೇ ಇಂಗ್ಲಿಷಿನಲ್ಲಿ ನಮ್ಮ ತಂಬೂರಿಯ ಶ್ರುತಿಯನ್ನೂ ಡ್ರೋನ್ ಎನ್ನುತ್ತಾರೆ ಎಂಬುದನ್ನು ಮಾರ್ಗಳಿ ತಿಂಗಳ ಸಂಗೀತ ಸಭೆಗಳಿಗೆ ಹೋಗುವ ನಿಮಗೆ ಬೇರೆ ಹೇಳಬೇಕಿಲ್ಲ. ಹೆಲಿಕ್ಯಾಮ್ ಎಂದಾಗ ಮದುವೆ, ಡ್ರೋನ್ ಎಂದಾಗ ಬಾಂಬು. ಅದರಲ್ಲೂ 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನುಗಳಿಂದ ಸ್ಫೋಟಕ ಬಿದ್ದ ಮೇಲೆ ಮಧುಚಂದ್ರಕ್ಕೆ ಹೋದವರ ಆಟಿಕೆಯೂ ಸಂಶಯದ ವಸ್ತುವಾಯಿತು.

ಈ ಊರಿಗೆ ಮೇಲೆ ನೋಡುವ ಚಟ ಹೊಸದಲ್ಲ. 1910ರಲ್ಲಿ ಇಲ್ಲಿನ ಮೌಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದ ಜಾಕೊಮೊ ಡಿ ಆಂಜೆಲಿಸ್ ಎಂಬ ಕಾರ್ಸಿಕಾ ಮೂಲದವನು ಸಿಂಪ್ಸನ್ ಕಂಪನಿಯವರಿಂದ ತನ್ನದೇ ಒಂದು ವಿಮಾನ ಕಟ್ಟಿಸಿ ಪಲ್ಲಾವರದಲ್ಲಿ ಹಾರಿಸಿದ. ಬಳಿಕ ಐಲೆಂಡ್ ಮೈದಾನದಲ್ಲಿ ಪ್ರದರ್ಶನ ನಡೆದಾಗ ಜನ ದುಡ್ಡು ಕೊಟ್ಟು ಹೋಗಿ ನೋಡಿದರು. ಆತ ಸೈನಿಕನಲ್ಲ, ಸರ್ಕಾರದವನಲ್ಲ, ಇಂದಿನ ಮಾತಿನಲ್ಲಿ ಹೇಳುವುದಾದರೆ ಹವ್ಯಾಸಿ. 2024ರ ಅಕ್ಟೋಬರ್ 6ರಂದು ವಾಯುಪಡೆಯ ಪ್ರದರ್ಶನ ನೋಡಲು ಮರೀನಾದಲ್ಲಿ ಲಕ್ಷಾಂತರ ಜನ ಸೇರಿದ್ದು, ಬಿಸಿಲ ಬೇಗೆಯಲ್ಲಿ ಬಳಲಿ ಐವರು ಅಸುನೀಗಿದ್ದು ನಮ್ಮ ಕಣ್ಣೆದುರಿನ ಸಂಗತಿ. ಹೀಗಾಗಿ ಹಾರುವ ವಸ್ತುವಿನ ಬಗ್ಗೆ ಇಲ್ಲಿನವರಿಗೆ ಮೂಲದಲ್ಲಿ ದ್ವೇಷವಿದೆ ಎಂದು ಹೇಳುವಂತಿಲ್ಲ. ನಾವು ಮೇಲೆ ನೋಡುವುದು ಒಂದು, ಮೇಲಿನಿಂದ ನಮ್ಮನ್ನು ಯಾರೋ ನೋಡುವುದು ಇನ್ನೊಂದು.

2015ರ ಡಿಸೆಂಬರ್ ಮೊದಲ ವಾರವನ್ನು ನೆನಪು ಮಾಡಿಕೊಳ್ಳಿ. ಅಡ್ಯಾರು ನದಿ ಉಕ್ಕಿ ಸೈದಾಪೇಟೆ, ಕೊಟ್ಟೂರುಪುರಂಗಳ ಮನೆಗಳೊಳಗೆ ನೀರು ನುಗ್ಗಿದ ದಿನಗಳವು. ಕ್ರೋಂಪೇಟೆಯ ಮದರಾಸು ತಾಂತ್ರಿಕ ಸಂಸ್ಥೆಯವರು ತಾವೇ ಕಟ್ಟಿದ ಡ್ರೋನುಗಳನ್ನು ತಂದು ಸಿಕ್ಕಿಕೊಂಡವರನ್ನು ಹುಡುಕಲು ನೆರವಾದರು. ತಾರಸಿಯ ಮೇಲೆ ನಿಂತ ಜನ ಆ ಯಂತ್ರಕ್ಕೆ ಕೈಬೀಸಿದರು. ಆಗ ಕಾನೂನಿನ ಸ್ಥಿತಿ ಏನಿತ್ತು? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2014ರ ಅಕ್ಟೋಬರ್ 7ರ ಸಾರ್ವಜನಿಕ ಪ್ರಕಟಣೆಯ ಮೂಲಕ ನಾಗರಿಕರು ಇಂಥ ಯಂತ್ರಗಳನ್ನು ಹಾರಿಸುವುದನ್ನೇ ನಿಷೇಧಿಸಿತ್ತು. ಕಾಗದದ ಮೇಲೆ ನಿಷಿದ್ಧವಾದದ್ದು ಜನರ ಕಣ್ಣಿಗೆ ಆಪದ್ಬಾಂಧವನಾಗಿ ಕಂಡಿತು. ಕಾನೂನು ಹೌದೆಂದಾಗ ಜನ ಒಪ್ಪುತ್ತಾರೆ, ಇಲ್ಲವೆಂದಾಗ ವಿರೋಧಿಸುತ್ತಾರೆ ಎಂಬ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಆಮೇಲಿನ ಕಾನೂನಿನ ಕಥೆಯನ್ನು ಬೇಗ ಮುಗಿಸುತ್ತೇನೆ. 2018ರ ಡಿಸೆಂಬರ್ 1ರಿಂದ ಬಿಗಿಯಾದ ಷರತ್ತುಗಳೊಡನೆ ಅನುಮತಿ ಬಂತು. 2021ರ ಆಗಸ್ಟಿನ ಡ್ರೋನ್ ನಿಯಮಗಳು ಅದನ್ನು ಬಹಳ ಸಡಿಲಿಸಿದವು. 250 ಗ್ರಾಂ ಮೀರದ ಯಂತ್ರ ಹಾರಿಸುವವನಿಗೆ ಚಾಲಕ ಪ್ರಮಾಣಪತ್ರ ಬೇಡ; ವ್ಯಾಪಾರದ ಉದ್ದೇಶವಿಲ್ಲದೆ 2 ಕಿಲೋ ವರೆಗಿನದನ್ನು ಹಾರಿಸುವವನಿಗೂ ಬೇಡ. ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಹಂಚಿದರು. ಹಸಿರಿನಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದ ಅಂಚಿನಿಂದ 8 ಕಿಲೋಮೀಟರಿಗೂ 12 ಕಿಲೋಮೀಟರಿಗೂ ನಡುವಿನ ಪಟ್ಟಿಯಲ್ಲಿ 200 ಅಡಿಯವರೆಗೆ ಹಾರಿಸಬಹುದು. ಮೀನಂಬಾಕ್ಕಂ ನಿಲ್ದಾಣವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ತಾಂಬರದಲ್ಲಿ ವಾಯುಪಡೆಯ ನೆಲೆಯನ್ನೂ ಕಡಲಂಚಿನಲ್ಲಿ ಬಂದರನ್ನೂ ಹೊತ್ತಿರುವ ನಮ್ಮ ಊರಿನಲ್ಲಿ ಹಸಿರು ಎಲ್ಲಿ ಉಳಿದಿದೆ ಎಂಬುದನ್ನು ನಕ್ಷೆಯಲ್ಲಿ ಹುಡುಕಬೇಕು. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿದರು. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ. ಒಂದು ತಮಾಷೆಯ ಸಂಗತಿ: 1934ರ ವಿಮಾನ ಕಾಯಿದೆಯ ವ್ಯಾಖ್ಯೆಯಲ್ಲಿ ಗಾಳಿಪಟವೂ ವಿಮಾನವೇ ಆಗಿತ್ತು. 2025ರ ಜನವರಿ 1ರಂದು ಆ ಕಾಯಿದೆಯ ಜಾಗಕ್ಕೆ ಹೊಸದು ಬರುವ ತನಕ ನಮ್ಮ ಮಕ್ಕಳೆಲ್ಲ ಒಂದರ್ಥದಲ್ಲಿ ವಿಮಾನ ಚಾಲಕರೇ. ಆ ಗಾಳಿಪಟಕ್ಕೂ ಈ ಊರಿನಲ್ಲಿ ಗಾಜಿನ ಪುಡಿಯ ಮಾಂಜಾ ದಾರ ಸೇರಿ, ದ್ವಿಚಕ್ರ ವಾಹನದವರ ಕೊರಳು ಕೊಯ್ದು, ಪೊಲೀಸರು ಆ ದಾರವನ್ನು ನಿಷೇಧಿಸಬೇಕಾಯಿತು. ಹಾರಿಸುವವನ ಸಂತೋಷಕ್ಕೆ ಕೆಳಗಿರುವವನು ಬೆಲೆ ತೆರುವ ಪ್ರಶ್ನೆ ಡ್ರೋನಿನೊಂದಿಗೇ ಹುಟ್ಟಿದ್ದಲ್ಲ.

ಇನ್ನು ಜನರ ಪ್ರತಿಕ್ರಿಯೆ. 'ಸಾರ್ವಜನಿಕರು' ಎಂಬ ಒಂದೇ ಮುಖದ ವ್ಯಕ್ತಿ ಎಲ್ಲಿಯೂ ಇಲ್ಲ. ತಾರಸಿಯ ಮೇಲಿನ ಹೆಂಗಸಿನ ಪ್ರತಿಕ್ರಿಯೆ ಬೇರೆ, ಕಡಲಂಚಿನ ಮೀನುಗಾರನದು ಬೇರೆ. ಈ ಊರಿನ ಮೊಟ್ಟೆಮಾಡಿ, ಎಂದರೆ ಬಟ್ಟ ಬಯಲು ತಾರಸಿ, ಮನೆಯ ಹೆಂಗಸರಿಗೆ ಸಿಕ್ಕಿರುವ ಒಂದೇ ಒಂದು ತೆರೆದ ಆಕಾಶ. ಅಲ್ಲಿ ಅವರು ಸಂಡಿಗೆ ಹಾಕುತ್ತಾರೆ, ತಲೆಗೂದಲು ಒಣಗಿಸುತ್ತಾರೆ, ಒಳಗೆ ಅಳಲಾಗದ್ದನ್ನು ಅಲ್ಲಿ ಅಳುತ್ತಾರೆ. ಬೀದಿಯ ಕಣ್ಣು ಅಲ್ಲಿಗೆ ತಲುಪುವುದಿಲ್ಲ ಎಂಬ ಭರವಸೆಯೇ ಆ ಜಾಗದ ಅರ್ಥ. ನೂರು ಅಡಿ ಎತ್ತರದಲ್ಲಿ ನಿಂತ ಒಂದು ಮಸೂರ ಆ ಅರ್ಥವನ್ನೇ ಅಳಿಸಿಬಿಡುತ್ತದೆ. ಹಾರಿಸುವ ಹುಡುಗ 'ನಾನು ಕಪಾಲೀಶ್ವರನ ಗೋಪುರ ತೆಗೆಯುತ್ತಿದ್ದೆ, ನಿಮ್ಮನ್ನಲ್ಲ ಮಾಮಿ' ಎನ್ನುತ್ತಾನೆ. ಆತ ನಿಜವನ್ನೇ ಹೇಳುತ್ತಿರಬಹುದು. ಆದರೆ ಕೆಳಗಿರುವವಳಿಗೆ ಅದನ್ನು ತಿಳಿಯುವ ದಾರಿ ಇಲ್ಲ. ಎದುರು ನಿಂತು ಕ್ಯಾಮೆರಾ ಹಿಡಿದವನ ಮುಖ ನಮಗೆ ಕಾಣುತ್ತದೆ. ಅವನನ್ನು ಗದರಿಸಬಹುದು, ಅವನಿಗೆ ಬೆನ್ನು ತಿರುಗಿಸಬಹುದು. ಡ್ರೋನಿಗೆ ಮುಖವಿಲ್ಲ. ಫೂಕೋನನ್ನು ಇಲ್ಲಿಗೆ ಎಳೆದು ತರುವ ಚಪಲ ನನಗಿಲ್ಲ. ಆ ಮಾಮಿಗೆ ಅವನ ಸಹಾಯವಿಲ್ಲದೆಯೇ ಎಲ್ಲವೂ ಅರ್ಥವಾಗಿದೆ.

ಕಡಲಂಚಿನ ಸಂಗತಿ ಇದಕ್ಕಿಂತ ಜಟಿಲವಾದದ್ದು. ನನ್ನ ಸ್ನೇಹಿತರೊಬ್ಬರ ಮಗ ರಿಚ್ಚಿ ಸ್ಟ್ರೀಟಿನಲ್ಲಿ ಬಿಡಿಭಾಗ ಕೊಂಡು ತಾನೇ ಜೋಡಿಸಿದ ಪುಟ್ಟ ಡ್ರೋನನ್ನು ಕೋವಳಂ ದಾಟಿದ ಮೇಲಿನ ಒಂದು ಕುಪ್ಪಂನ ಬಳಿ ಹಾರಿಸಲು ಹೋದಾಗ ನಾನೂ ಜೊತೆಗಿದ್ದೆ. ಯಂತ್ರ ಮೇಲೇರಿ ಐದು ನಿಮಿಷ ಆಗಿರಲಿಲ್ಲ, ಬಲೆ ಬಿಡಿಸುತ್ತಿದ್ದವರು ಎದ್ದು ಬಂದರು. ಮೊದಲು ಬಂದವಳು ಮೀನಿನ ಬುಟ್ಟಿ ಹೊತ್ತ ವಯಸ್ಸಾದ ಹೆಂಗಸು. 'ಎಂದ ಆಫೀಸ್, ತಂಬಿ?' ಎಂದು ಕೇಳಿದಳು. ಯಾವ ಆಫೀಸಿನವನು ನೀನು? ಇಡೀ ವಿಷಯವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪ್ರಶ್ನೆ ಸಾಕೆಂದು ನನಗೆ ಅನಿಸಿತು. ಅವಳು ಮಾನದ ಬಗ್ಗೆ ಕೇಳಲಿಲ್ಲ, ಬಾಂಬಿನ ಬಗ್ಗೆ ಕೇಳಲಿಲ್ಲ. ಅಳತೆಯ ಬಗ್ಗೆ ಕೇಳಿದಳು. 2004ರ ಸುನಾಮಿಯ ನಂತರ ಮನೆಗಳನ್ನು ಕಡಲಿನಿಂದ ಹಿಂದಕ್ಕೆ ಸರಿಸುವ ಯೋಜನೆ ಬಂದಾಗ ಮೊದಲು ಬಂದವರು ಅಳೆಯುವವರು. 2015ರ ಪ್ರವಾಹದ ನಂತರ ನದಿದಂಡೆಯ ಗುಡಿಸಲುಗಳನ್ನು ತೆಗೆದು ಜನರನ್ನು ಪೆರುಂಬಾಕ್ಕಂಗೆ ಸಾಗಿಸುವ ಮುನ್ನವೂ ಪಟ್ಟಿ ಮಾಡುವವರು ಬಂದಿದ್ದರು. 2023ರ ಏಪ್ರಿಲಿನಲ್ಲಿ ಮರೀನಾ ಲೂಪ್ ರಸ್ತೆಯ ಮೀನಿನ ಅಂಗಡಿಗಳನ್ನು ತೆರವುಗೊಳಿಸಿದಾಗ ನೊಚ್ಚಿಕುಪ್ಪಂನವರು ರಸ್ತೆಗೆ ಅಡ್ಡವಾಗಿ ಕುಳಿತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಮೊದಲು ಅಳೆಯುವವರು, ಬಳಿಕ ಎಬ್ಬಿಸುವವರು. ಈ ಕ್ರಮವನ್ನು ಕಂಡುಂಡವರಿಗೆ ಮೇಲೆ ಹಾರುವ ಯಾವ ಕಣ್ಣೂ ಹವ್ಯಾಸಿಯದಾಗಿ ತೋರುವುದಿಲ್ಲ.

ಆ ದಿನ ಜಗಳವಾಗಲಿಲ್ಲ. ಹುಡುಗ ತೆಲುಗೆಳೆದ ತಮಿಳಿನಲ್ಲಿ, ಕೋಲಾರದ ಕಡೆಯವನು, ತನ್ನ ವಿಷಯ ಹೇಳಿ ಕೈಯಲ್ಲಿದ್ದ ಪರದೆಯನ್ನು ಅವರ ಕಡೆ ತಿರುಗಿಸಿದ. ತಮ್ಮ ದೋಣಿಗಳು, ತಮ್ಮ ಮಾರಿಯಮ್ಮನ ಗುಡಿ ಮೇಲಿನಿಂದ ಹೀಗೆ ಕಾಣುತ್ತವೆಯೆಂದು ಅವರು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಹಿರಿಯರು ದಂಡೆ ಕೊರೆದುಹೋದ ಕಡೆ ತೋರಿಸಿ, ಅಲ್ಲಿಯೂ ಒಂದು ಚಿತ್ರ ತೆಗೆದುಕೊಡು, ಅರ್ಜಿಗೆ ಲಗತ್ತಿಸಬೇಕು ಎಂದರು. ತೆಗೆದುಕೊಟ್ಟ. ಇದನ್ನು ಕೇಳಿ ಸುಖಾಂತವೆಂದು ಚಪ್ಪಾಳೆ ತಟ್ಟಬೇಡಿ. ಅದೇ ಚಿತ್ರ ನಾಳೆ ಅಂತರ್ಜಾಲಕ್ಕೆ ಏರಿದರೆ ಅಲ್ಲಿ ರೆಸಾರ್ಟು ಕಟ್ಟಲು ಜಾಗ ಹುಡುಕುವವನಿಗೂ ಅಷ್ಟೇ ಚೆನ್ನಾಗಿ ಒದಗುತ್ತದೆ. ಅವನಿಗೆ ಹೆಂಗಸು ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯೂ ಇರುವುದಿಲ್ಲ. ಸಂಜಯನಿಗೆ ವ್ಯಾಸರು ದಿವ್ಯದೃಷ್ಟಿ ಕೊಟ್ಟಾಗ ಅವನು ಯಾರಿಗಾಗಿ ನೋಡುತ್ತಿದ್ದಾನೆ, ಯಾರಿಗೆ ಹೇಳುತ್ತಾನೆ ಎಂಬುದು ಮೊದಲೇ ನಿಶ್ಚಯವಾಗಿತ್ತು. ನಮ್ಮ ಹವ್ಯಾಸಿಗೆ ದೃಷ್ಟಿ ಸಿಕ್ಕಿದೆ, ಕೇಳುವವರು ಯಾರೆಂದು ಗೊತ್ತಿಲ್ಲ.

ಈಗ ನನಗೆ ಮುಖ್ಯವೆನಿಸುವ ಮಾತು. ಹವ್ಯಾಸಿಯನ್ನು ಸುತ್ತುಗಟ್ಟುವ ಇದೇ ಜನ ಪೊಲೀಸರ ಡ್ರೋನನ್ನು ಹೇಗೆ ಸ್ವೀಕರಿಸಿದರು? 2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ತಿರುಪ್ಪೂರಿನ ಪೊಲೀಸರು ಮೈದಾನದಲ್ಲಿ ಕೇರಂ ಆಡುತ್ತಿದ್ದ ಹುಡುಗರನ್ನು ಡ್ರೋನಿನಿಂದ ಅಟ್ಟಾಡಿಸಿದ ಚಿತ್ರವನ್ನು ಹಾಸ್ಯದ ಮಾತು ಸೇರಿಸಿ ಹರಿಯಬಿಟ್ಟರು. ಹುಡುಗರು ಕೇರಂ ಹಲಗೆಯನ್ನೇ ಮರೆಮಾಡಿಕೊಂಡು ಓಡುವುದನ್ನು ನೋಡಿ ಇಡೀ ನಾಡು ನಕ್ಕಿತು. ನಮ್ಮ ಮನೆಗಳಲ್ಲೂ ನಕ್ಕರು. ಆ ಹುಡುಗರ ಮುಖ ಊರಿಗೆಲ್ಲ ಕಂಡದ್ದು ಯಾರಿಗೂ ತಟ್ಟಲಿಲ್ಲ. 2023ರ ಜೂನಿನಲ್ಲಿ ಅಡ್ಯಾರಿನಲ್ಲಿ ಪೊಲೀಸರ ಡ್ರೋನ್ ಘಟಕ ಶುರುವಾದಾಗ ಅದು ಊರಿನ ಹೆಮ್ಮೆಯ ಸುದ್ದಿಯಾಯಿತು. ಕಡಲಿನಲ್ಲಿ ಮುಳುಗುವವರನ್ನು ಕಾಪಾಡಲು, ಜಾತ್ರೆಯಲ್ಲಿ ನೂಕುನುಗ್ಗಲು ತಡೆಯಲು ಅದು ಬೇಕು, ನಾನು ಒಪ್ಪುತ್ತೇನೆ. ಆದರೆ ಆ ಕಣ್ಣು ಕಂಡದ್ದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಯಾರಿಗೆ ತೋರಿಸುತ್ತದೆ ಎಂದು ಕೇಳುವ ಧೈರ್ಯ ನಮಗಿಲ್ಲ. ಪ್ರಭುತ್ವದ ಮೇಲೆ ತೋರಲಾಗದ ಸಿಟ್ಟನ್ನು ಕೈಗೆ ಸಿಗುವ ಹುಡುಗನ ಮೇಲೆ ತೋರುತ್ತೇವೆ. ಅವನ ಹೆಗಲಚೀಲ ಕಿತ್ತುಕೊಳ್ಳುವುದು ಸುಲಭ.

ಹಾಗೆಂದು ಹುಡುಗರ ಪಕ್ಷ ವಹಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಹವ್ಯಾಸಿಗಳಲ್ಲಿ ಬಹುಮಂದಿ ಕಾನೂನು ಅನುಮತಿಸಿದೆಯೇ ಎಂದಷ್ಟೇ ಕೇಳಿಕೊಳ್ಳುತ್ತಾರೆ. ಕೆಳಗಿರುವವರು ಒಪ್ಪಿದ್ದಾರೆಯೇ ಎಂದು ಕೇಳಿಕೊಳ್ಳುವುದಿಲ್ಲ. ಇದೂ ಹಳೆಯ ಕಥೆಯೇ. 1888ರಲ್ಲಿ ಕೊಡಕ್ ಕೈಕ್ಯಾಮೆರಾ ಬಂದಾಗ ಅಮೆರಿಕದ ಕಡಲತೀರಗಳಲ್ಲಿ ಸ್ನಾನಕ್ಕಿಳಿದವರ ಚಿತ್ರ ತೆಗೆಯುವ ಹವ್ಯಾಸಿಗಳ ಕಾಟ ಹೆಚ್ಚಿ, ಅವರನ್ನು ಪಿಶಾಚಿಗಳೆಂದೇ ಕರೆದರು. 1890ರಲ್ಲಿ ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಕ್ಷಣಾರ್ಧದಲ್ಲಿ ತೆಗೆಯುವ ಫೋಟೊಗಳ ಮೇಲಿನ ದೂರು ಎದ್ದು ಕಾಣುತ್ತದೆ. ನಮ್ಮಲ್ಲಿ ಆ ಹಕ್ಕನ್ನು ಗಟ್ಟಿಗೊಳಿಸಿದ ಮೊಕದ್ದಮೆಗೆ ಹೆಸರು ಕೊಟ್ಟವರು ಒಬ್ಬ ಕನ್ನಡಿಗರು ಎಂಬುದನ್ನು ಈ ಸಭೆಯಲ್ಲಿ ಹೇಳದೆ ಇರಲಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅವರು 2024ರಲ್ಲಿ ತೀರಿಕೊಂಡಾಗ ನಮ್ಮ ಎಷ್ಟು ಸಂಘಗಳು ಒಂದು ನಿಮಿಷ ಮೌನ ಆಚರಿಸಿದವು? ಇರಲಿ. ಹೆಣ್ಣಿನ ಖಾಸಗಿ ಗಳಿಗೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಆದರೆ ತಾರಸಿಯ ಮೇಲೆ ಸುಮ್ಮನೆ ಕುಳಿತ ಹೆಣ್ಣಿನ ನೆಮ್ಮದಿ ಆ ಕಲಮಿಗೆ ಸಿಕ್ಕುವುದು ಕಷ್ಟ.

ಭಯ ಗಾಳಿಸುದ್ದಿಯಾದರೆ ಏನಾಗುತ್ತದೆಂದು ನೋಡಿ. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂದು ಸುಮಾರು 1,000 ವಿಮಾನಗಳ ಸಂಚಾರ ಏರುಪೇರಾಯಿತು. ಪೊಲೀಸರು ಒಬ್ಬ ಹವ್ಯಾಸಿಯನ್ನೂ ಅವನ ಹೆಂಡತಿಯನ್ನೂ ಹಿಡಿದು, ತಪ್ಪಿಲ್ಲವೆಂದು ಬಿಟ್ಟು, ಮುಂದೆ ಪರಿಹಾರ ಕೊಟ್ಟರು. 2019ರಲ್ಲಿ ತನಿಖೆ ಮುಗಿಸಿದಾಗ ಒಬ್ಬ ಆರೋಪಿಯೂ ಸಿಕ್ಕಿರಲಿಲ್ಲ. 2024ರ ಕೊನೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸಾವಿರಾರು ಜನ ರಾತ್ರಿಯಾಕಾಶದಲ್ಲಿ ಡ್ರೋನ್ ಕಂಡೆವೆಂದರು. ಅವುಗಳಲ್ಲಿ ವಿಮಾನಗಳೂ ನಕ್ಷತ್ರಗಳೂ ಇದ್ದವು. 2025ರ ಮಳೆಗಾಲದಲ್ಲಿ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳ ಹಳ್ಳಿಗಳಲ್ಲಿ ಕಳ್ಳರು ಡ್ರೋನ್ ಹಾರಿಸಿ ಮನೆ ಗುರುತಿಸುತ್ತಾರೆಂಬ ಸುದ್ದಿ ಹಬ್ಬಿ, ಜನ ರಾತ್ರಿಯಿಡೀ ಕೋಲು ಹಿಡಿದು ಕಾದರು, ದಾರಿಹೋಕರನ್ನು ಹೊಡೆದರು. ಅಲ್ಲಿ ಏಟು ತಿಂದವರು ಯಾರು? ಡ್ರೋನ್ ಉಳ್ಳವರಲ್ಲ, ಊರಿಗೆ ಪರಿಚಯವಿಲ್ಲದವರು.

ಪರಿಚಯವಿಲ್ಲದವರು ಎಂಬ ಮಾತು ಹೊರನಾಡಿನ ನಮಗೆ ಬೇಗ ನಾಟಬೇಕು. 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಕಾವು ಏರಿದಾಗ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳನ್ನು ಸುಟ್ಟರು. ಇಲ್ಲಿ ಮೈಲಾಪುರದ ಕನ್ನಡಿಗರ ಹಳೆಯ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಆ ವಾರ ನಾವು ಬೀದಿಯಲ್ಲಿ ಕನ್ನಡ ಮಾತನಾಡುವಾಗ ದನಿ ತಗ್ಗಿಸಿದ್ದನ್ನು ಮರೆತಿಲ್ಲ. ಅಂಥ ಒಂದು ವಾರದಲ್ಲಿ ನಮ್ಮ ಹುಡುಗನೊಬ್ಬ ಕೈಯಲ್ಲಿ ರಿಮೋಟು ಹಿಡಿದು ನಿಂತಿದ್ದರೆ 'ಯಾವ ಆಫೀಸು' ಎಂಬ ಪ್ರಶ್ನೆ 'ಯಾವ ಊರು' ಎಂದು ಬದಲಾಗುತ್ತಿತ್ತು. ಕುಪ್ಪಂನ ಹೆಂಗಸಿನ ಭಯವೂ ನಮ್ಮ ಭಯವೂ ಹೆಚ್ಚು ದೂರದವಲ್ಲ. ಅವಳನ್ನು ಅವಿದ್ಯಾವಂತಳೆಂದು ತಳ್ಳಿಹಾಕಿದ ನಮ್ಮ ತರುಣ ಮಿತ್ರರು ಇದನ್ನು ಯೋಚಿಸಬೇಕು.

ಇನ್ನು ಮೆರವಣಿಗೆಯ ವಿಚಾರಕ್ಕೆ ಬಂದು ಮುಗಿಸುತ್ತೇನೆ. ನಾನು ಬೇಡವೆನ್ನುವವರ ಕಡೆಯವನಲ್ಲ. ನಮ್ಮ ಡೊಳ್ಳು, ನಮ್ಮ ಭುವನೇಶ್ವರಿಯ ರಥ ಪರಊರಿನ ಬೀದಿಯಲ್ಲಿ ಸಾಗುವುದು ಮೇಲಿನಿಂದ ಹೇಗೆ ಕಾಣುತ್ತದೆಂದು ನೋಡುವ ಆಸೆ ನನಗೂ ಇದೆ. ಆದರೆ ಸಮಿತಿಯ ಮುಂದೆ ಮೂರು ಕೆಲಸಗಳಿವೆ. ನಮ್ಮ ಬೀದಿ ಆಕಾಶದ ಯಾವ ಬಣ್ಣದಲ್ಲಿದೆಯೆಂದು ನೋಡಿ, ಹಳದಿಯಾಗಿದ್ದರೆ ಅನುಮತಿ ಪಡೆಯುವುದು. ಸಿಗದಿದ್ದರೆ ಆ ಮಾತನ್ನು ಅಲ್ಲಿಗೇ ಕೈಬಿಡುವುದು. ಸಿಕ್ಕರೆ, ಮೆರವಣಿಗೆ ಸಾಗುವ ಎರಡೂ ಬದಿಯ ಮನೆಗಳಿಗೆ ವಾರ ಮೊದಲೇ ಹೋಗಿ, ಇಂಥ ದಿನ ಇಂಥ ಹೊತ್ತಿನಲ್ಲಿ ಹಾರಿಸುತ್ತೇವೆಂದು ತಮಿಳಿನಲ್ಲಿ ಹೇಳಿ, ಸಂಘದ ಫೋನ್ ನಂಬರು ಕೊಟ್ಟು ಬರುವುದು. ತಾರಸಿಗಳು ಬಿದ್ದ ಚಿತ್ರದ ತುಂಡುಗಳನ್ನು ತೆಗೆದುಹಾಕಿದ ಮೇಲೆಯೇ ಉಳಿದದ್ದನ್ನು ಯಾರಿಗಾದರೂ ತೋರಿಸುವುದು. ಮನೆಮನೆಗೆ ಹೋಗುವ ಕೆಲಸಕ್ಕೆ ಇಬ್ಬರು ತರುಣಿಯರೂ ಒಬ್ಬ ಹಿರಿಯರೂ ಇರುವ ತಂಡ ಬೇಕು. ತರುಣರನ್ನು ಮಾತ್ರ ಕಳಿಸಿದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನನ್ನ ಹೆಸರನ್ನು ಆ ಪಟ್ಟಿಯಲ್ಲಿ ಬರೆದುಕೊಳ್ಳಬಹುದು. ಉಳಿದ ಇಬ್ಬರ ಹೆಸರು ಇಂದಿನ ಸಭೆ ಮುಗಿಯುವುದರೊಳಗೆ ಕಾರ್ಯದರ್ಶಿಗಳ ಕೈಗೆ ಸಿಕ್ಕರೆ ಅನುಕೂಲ, ಏಕೆಂದರೆ ನವೆಂಬರಿಗೆ ಹೆಚ್ಚು ದಿನ ಉಳಿದಿಲ್ಲ.